ನಾಲಿಗೆ ಒಂದೇ ಕಡೆ ವಾಲಿದರೆ

ಪ್ರಶ್ನೆ: ಹೊರಚಾಚಿದ ನಾಲಿಗೆ ಪಕ್ಕಕ್ಕೆ ಸರಿದರೆ ನಾಲಿಗೆಯ ನರಕ್ಕೆ ಲಕ್ವ ಹೊಡೆದಿದೆ ಎಂದೇ ಅರ್ಥವೇ?

ಉತ್ತರ: ಹಾಗೇನಿಲ್ಲ. ಮುಖದ ಲಕ್ವದಲ್ಲಿ ಬಾಯಿಯೇ ಸೊಟ್ಟಗಾಗಿ, ನೇರವಾಗಿರುವ ನಾಲಿಗೆಯೂ ವಾಲಿದಂತೆ ಕಾಣುತ್ತದೆ. ಅದಕ್ಕೇ ವೈದ್ಯರು ಜೋತ ತುಟಿಯಂಚನ್ನು ಬೆರಳಿನಿಂದ ಎತ್ತಿ ಹಿಡಿದು ಮತ್ತೊಮ್ಮೆ ನೋಡುತ್ತಾರೆ.

ನಾಲಿಗೆಯನ್ನು ಆಡಿಸುವುದು ಮುಖ್ಯವಾಗಿ ಮಿದುಳಿನ 12ನೇ ನರ, ಎಡಕ್ಕೊಂದು, ಬಲಕ್ಕೊಂದು. ಜೋಡೆತ್ತಿನಲ್ಲಿ ಒಂದು ಸೋತರೆ ಗಾಡಿ ಸೋತ ಎತ್ತಿನ ಕಡೆಗೇ ತಿರುಗುವಂತೆ, ನಾಲಿಗೆಯೂ ನರ ಕೆಟ್ಟ ಬದಿಗೇ ವಾಲುತ್ತದೆ.

ನನ್ನ ಮಟ್ಟಿಗೆ ಹೆಚ್ಚು ಸುಳಿವು ಸಿಗುವುದು ನಾಲಿಗೆ ಬಾಯೊಳಗೆ ಸುಮ್ಮನೆ ಮಲಗಿರುವಾಗ. ಒಂದು ಅರ್ಧ ಸೊರಗಿ ಸುಕ್ಕುಗಟ್ಟಿದೆಯೇ, ಮೇಲೆ ಸಣ್ಣ ಮಿಡಿತ ಓಡಾಡುತ್ತಿದೆಯೇ ಎಂದು ಟಾರ್ಚ್ ಬೆಳಕಿನಲ್ಲಿ ನೋಡಬೇಕು. (ಹೊರಚಾಚಿದಾಗ ಎಲ್ಲರ ನಾಲಿಗೆಯೂ ಅಷ್ಟಿಷ್ಟು ನಡುಗುತ್ತದೆ, ಕನ್ನಡಿ ಮುಂದೆ ನಿಂತು ಗಾಬರಿಪಡಬೇಡಿ.) ಸೊರಗಿದ್ದರೆ ತೊಂದರೆ ಬಹುಪಾಲು ನರದಲ್ಲೇ. ಮಿದುಳಿನ ಪಾರ್ಶ್ವವಾಯುವಿನಲ್ಲಿ ನಾಲಿಗೆ ಸಾಮಾನ್ಯವಾಗಿ ಸೊರಗುವುದಿಲ್ಲ, ಬಲ ಕುಂದಿದ ಕೈಕಾಲಿನ ಬದಿಗೆ ವಾಲುತ್ತದೆ. ಎರಡೂ ಅರ್ಧ ಸೊರಗಿ ಮಿಡಿಯುತ್ತಿದ್ದರೆ, ಸ್ನಾಯು ಆಡಿಸುವ ನರಕೋಶಗಳು ಕ್ಷೀಣಿಸುವ ಮೋಟಾರ್ ನ್ಯೂರಾನ್ ಕಾಯಿಲೆಯ ಅನುಮಾನ. ಬೆಳಿಗ್ಗೆ ಸರಿಯಿದ್ದ ಮಾತು ದಿನವೂ ಸಂಜೆಗೆ ತೊದಲುತ್ತಿದ್ದರೆ, ಸ್ನಾಯು ಬೇಗ ದಣಿಯುವ ಮಯಸ್ತೇನಿಯಾ ಕಾಯಿಲೆ ಇರಬಹುದು. ರುಚಿ ಹೋಗುವುದಕ್ಕೂ ಜೋಮು ಹಿಡಿಯುವುದಕ್ಕೂ ಈ 12ನೇ ನರ ಹೊಣೆಯಲ್ಲ; ಆ ಕೆಲಸ ಬೇರೆ ನರಗಳದ್ದು.

ನರ ಕೆಟ್ಟ ಕಾರಣ ಹುಡುಕಲು ಮಿದುಳಿನ ಬುಡದಿಂದ ಕುತ್ತಿಗೆಯವರೆಗೆ ಎಂಆರ್‌ಐ ಮಾಡಿಸುತ್ತಾರೆ. ತಲೆಬುರುಡೆಯ ತಳದ ಗಡ್ಡೆ, ಕುತ್ತಿಗೆಯ ರಕ್ತನಾಳದ ಒಳಪದರದ ಸೀಳು, ಹಳೆಯ ರೇಡಿಯೇಷನ್, ಶಸ್ತ್ರಚಿಕಿತ್ಸೆ ಯಾವುದೂ ಆಗಿರಬಹುದು. ನಾಲಿಗೆ ಇದ್ದಕ್ಕಿದ್ದಂತೆ ವಾಲಿ ಮಾತು ತೊದಲಿದರೆ, ಕೈ ಸೋತರೆ, ಇಷ್ಟೆಲ್ಲ ಯೋಚಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.