ಯಾರ್ಕಿನ ಕ್ಲಿಫರ್ಡ್ ಗೋಪುರ

ಜೀರ್ಣೋದ್ಧಾರವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಬಿದ್ದುದನ್ನೆತ್ತಿ ನಿಲ್ಲಿಸುವ, ಹಳೆಯದನ್ನು ಹೊಸದಾಗಿಸುವ ಕಾರ್ಯ. ಆದರೆ ಕಟ್ಟಡದ ಭಗ್ನಸ್ಥಿತಿಯೇ ಚರಿತ್ರೆಯ ಸಾಕ್ಷಿಯಾಗಿದ್ದರೆ ಏನು ಮಾಡಬೇಕು? ಇಂಗ್ಲೆಂಡಿನ ಯಾರ್ಕ್ ನಗರದ ಕ್ಲಿಫರ್ಡ್ ಗೋಪುರವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಉತ್ತರದೇಶವನ್ನು ಅಂಕೆಯಲ್ಲಿಡುವುದಕ್ಕಾಗಿ ವಿಲಿಯಮ್ ದೊರೆಯು 1068ರಲ್ಲಿ ಇಲ್ಲಿ ಮಣ್ಣಿನ ದಿಬ್ಬವನ್ನು ಹಾಕಿಸಿ, ಅದರ ಮೇಲೆ ಮರದ ಕೋಟೆಯನ್ನು ಕಟ್ಟಿಸಿದನು. 1190ರ ಮಾರ್ಚಿಯಲ್ಲಿ ನಗರದ ಯೆಹೂದ್ಯರು, ಉದ್ರಿಕ್ತ ಜನರ ಗುಂಪಿಗೆ ಹೆದರಿ, ರಾಜರಕ್ಷಣೆಯನ್ನು ನಂಬಿ ಈ ಕೋಟೆಯನ್ನು ಹೊಕ್ಕರು. ಮುತ್ತಿಗೆ ಬಿಗಿಯಾಯಿತು. ಶತ್ರುಗಳ ಕೈಗೆ ಸಿಕ್ಕುವುದಕ್ಕಿಂತ ಸಾವೇ ಲೇಸೆಂದು ಹಲವರು ಪ್ರಾಣತ್ಯಾಗ ಮಾಡಿದರು. ಗೋಪುರವು ಬೆಂಕಿಗೆ ಆಹುತಿಯಾಯಿತು. ಅಭಯವಚನವನ್ನು ನಂಬಿ ಹೊರಬಂದವರನ್ನೂ ಗುಂಪು ಕೊಂದಿತು. ಮಡಿದವರು ಸುಮಾರು 150 ಮಂದಿ. ಬಳಿಕ ಗುಂಪಿನವರು ನಗರದ ಮಹಾದೇವಾಲಯಕ್ಕೆ ಹೋಗಿ, ಅಲ್ಲಿರಿಸಿದ್ದ ಸಾಲಪತ್ರಗಳನ್ನು ಸುಟ್ಟರು. ಮತದ್ವೇಷದ ಹಿಂದೆ ಅಡಗಿದ್ದ ಲೋಭವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಸಂಗತಿ ಬೇಕಿಲ್ಲ.

ನಾವು ಈಗ ಕಾಣುವ ಕಲ್ಲಿನ ಗೋಪುರವು ಹದಿಮೂರನೆಯ ಶತಮಾನದ್ದು. ಮೂರನೆಯ ಹೆನ್ರಿಯ ಕಾಲದಲ್ಲಿ ಆರಂಭವಾದುದು. ನಾಲ್ಕು ಎಸಳಿನ ಹೂವಿನಂತಿರುವ ಇದರ ತಳವಿನ್ಯಾಸವು ಬಹು ವಿರಳವಾದುದು. ಆದರೆ ದಿಬ್ಬದ ಮಣ್ಣು ಆ ಭಾರವನ್ನು ತಾಳದೆ ಕುಸಿಯಿತು. ಮುಂದಿನ ಶತಮಾನದಲ್ಲಿಯೇ ಗೋಡೆಗಳು ಬಿರಿದುವು. 1684ರಲ್ಲಿ ಬೆಂಕಿಯೂ ಸಿಡಿಮದ್ದಿನ ಸ್ಫೋಟವೂ ಸೇರಿ ಮಾಡನ್ನೂ ಅಂತಸ್ತುಗಳನ್ನೂ ನಾಶಮಾಡಿದುವು. ಉಳಿದುದು ಬರಿಯ ಗೋಡೆ.

2022ರಲ್ಲಿ ಮುಗಿದ ಉದ್ಧಾರಕಾರ್ಯದ ವಿವೇಕವಿರುವುದು ಇಲ್ಲಿಯೇ. ಕಳೆದುಹೋದ ಅಂತಸ್ತುಗಳನ್ನು ಊಹಿಸಿ ಮತ್ತೆ ಕಟ್ಟುವ ಗೋಜಿಗೆ ಶಿಲ್ಪಿಗಳು ಹೋಗಲಿಲ್ಲ. ಗೋಪುರದ ಒಳಗೆ ನಾಲ್ಕು ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಮರದ ಅಟ್ಟವನ್ನು ಹೊದಿಸಿದರು. ಅದರ ಭಾರವು ಹಳೆಯ ಗೋಡೆಯ ಮೇಲೆ ಬೀಳುವುದಿಲ್ಲ. ಮೇಲಿನಿಂದ ತೂಗುವ ಕಾಲುದಾರಿಗಳ ಮೂಲಕ, 1684ರಿಂದ ಯಾರೂ ತಲುಪಲಾಗದಿದ್ದ ಕೋಣೆಗಳನ್ನು ಈಗ ನೋಡಬಹುದು. ಹೊಸದು ಹೊಸದೆಂದೇ ಕಾಣುತ್ತದೆ. ಹಳೆಯದರ ಗಾಯವು ಮುಚ್ಚಿಹೋಗಿಲ್ಲ.

1190ರಲ್ಲಿ ಮಡಿದವರ ನೆನಪಿಗಾಗಿ ದಿಬ್ಬದ ಬುಡದಲ್ಲಿ 1978ರಲ್ಲಿ ಒಂದು ಶಿಲಾಫಲಕವನ್ನು ಇರಿಸಲಾಯಿತು. ಅವರು ಆಶ್ರಯ ಪಡೆದ ಮರದ ಕೋಟೆ ಇಂದಿಲ್ಲ, ದಿಬ್ಬವಿದೆ. ಗೋಪುರವನ್ನು ಏರಲು ಹೋಗುವವರು ಮೊದಲು ಆ ಫಲಕದ ಮುಂದೆ ಕ್ಷಣಕಾಲ ನಿಲ್ಲುವುದು ಯುಕ್ತವೆಂದು ನಾವು ಭಾವಿಸುತ್ತೇವೆ.