ಹೊರಗಿನವರಿಗಿಟ್ಟ ಹೆಸರು

ತನ್ನವರಲ್ಲದವರಿಗೆ ಒಂದು ಹೆಸರನ್ನಿಡದ ಮತವು ವಿರಳ. ಅದು ಕೇವಲ ಶಾಸ್ತ್ರದ ಪರಿಭಾಷೆಯೆಂದೂ, ಅದರಲ್ಲಿ ನಿಂದೆಯಿಲ್ಲವೆಂದೂ ಕರೆಯುವವರು ಹೇಳುವರು. ಆದರೆ ಕರೆಯಿಸಿಕೊಂಡವನ ಕಿವಿಗೆ ಅದು ಹೇಗೆ ಕೇಳಿಸುವುದೆಂದು ವಿಚಾರಿಸುವವರು ಎಷ್ಟು ಮಂದಿ?

ರೋಮನ್ ಕ್ಯಾಥೊಲಿಕರ ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರಿಗೆ 'ಪೆರ್ಫಿದಿ' ಎಂಬ ಲ್ಯಾಟಿನ್ ವಿಶೇಷಣವು ಶತಮಾನಗಳಿಂದ ಸಲ್ಲುತ್ತಿದ್ದಿತು. ವಿಶ್ವಾಸವಿಲ್ಲದವರೆಂದಷ್ಟೇ ಅದರ ಅರ್ಥವೆಂದು ಪಂಡಿತರು ಸಮಾಧಾನ ಹೇಳಿದರು. ಯೆಹೂದ್ಯರಿಗೆ ಕೇಳಿಸಿದುದು ವಿಶ್ವಾಸಘಾತಕರೆಂದು. 1959ರಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನರು ಅದನ್ನು ತೆಗೆಯಿಸಿದರು. 2019ರಲ್ಲಿ ಇಂಡೊನೇಷ್ಯದ ನಹ್ದತುಲ್ ಉಲಮಾ ಸಂಸ್ಥೆಯ ವಿದ್ವಾಂಸರು ಪಶ್ಚಿಮ ಜಾವಾದ ಬಂಜಾರಿನಲ್ಲಿ ನೆರೆದು, ಮುಸ್ಲಿಮೇತರ ದೇಶಬಾಂಧವರನ್ನು 'ಕಾಫಿರ'ರೆನ್ನದೆ, ನಾಡಿನ ಪ್ರಜೆಗಳೆಂಬರ್ಥದ 'ಮುವಾತಿನೂನ್' ಎನ್ನಬೇಕೆಂದು ಸಲಹೆಯಿತ್ತರು. ಧರ್ಮಗ್ರಂಥದ ಒಂದಕ್ಷರವನ್ನೂ ಅವರು ಅಳಿಸಲಿಲ್ಲ. ನೆರೆಯವನನ್ನು ಕೂಗುವ ರೀತಿಯನ್ನು ಮಾತ್ರ ತಿದ್ದಿದರು.

ನಮ್ಮ ಮನೆಯ ಮಾತೇನು? 'ಮ್ಲೇಚ್ಛ', 'ಪಾಷಂಡಿ', 'ಭವಿ', 'ಮಿಥ್ಯಾದೃಷ್ಟಿ' ಮೊದಲಾದುವು ನಮ್ಮ ನಾಡಿನ ಗ್ರಂಥಗಳಲ್ಲಿಯೇ ಇರುವುವಷ್ಟೆ. ಕಾಫಿರನೆಂದರೆ ಕೆರಳುವವನು, ಮ್ಲೇಚ್ಛನೆನಿಸಿಕೊಂಡವನೂ ತನ್ನಂತೆಯೇ ನೋಯುವನೆಂಬುದನ್ನು ಮರೆಯಬಾರದು.

ಶಬ್ದದ ಅರ್ಥವನ್ನು ಕೋಶವು ಹೇಳೀತು; ಅದರ ಭಾರವನ್ನು ಹೊತ್ತವನೇ ಹೇಳಬೇಕು. ಗ್ರಂಥದ ಮಾತು ಗ್ರಂಥದಲ್ಲಿರಲಿ. ಕಚೇರಿಯಲ್ಲಿಯೂ ಸಂತೆಯಲ್ಲಿಯೂ ಅವರವರು ಒಪ್ಪಿದ ಹೆಸರಿನಿಂದಲೇ ಅವರನ್ನು ಕರೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.