ಮಾವನ ಸೊಂಟದ ಮುಕ್ಕಾಲು ಕಿಲೋ

ಶನಿವಾರ ಬೆಳಿಗ್ಗೆ ಮಾವ ತಿಂಡಿಗೆ ಬಂದು ಕೂತಾಗ ಇನ್‌ಶರ್ಟ್ ಮಾಡಿರುತ್ತಿರಲಿಲ್ಲ. ವಾರವಿಡೀ ಗರಿಗರಿಯಾಗಿ ಅಂಗಿ ಸಿಕ್ಕಿಸಿಕೊಂಡು ತೋಟ ಸುತ್ತುವ ಮನುಷ್ಯ ಅವತ್ತೊಂದು ದಿನ ಅಂಗಿಯನ್ನು ಇಳಿಬಿಟ್ಟಿದ್ದರೆ ಮಕ್ಕಳಾದ ನಮಗೆ ತಿಳಿದುಹೋಗುತ್ತಿತ್ತು, ಇವತ್ತು ಬಟವಾಡೆ. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿಯ ದಿಕ್ಕಿಗೆ ಇರುವ ಅವರ ಕಾಫಿ ತೋಟದಲ್ಲಿ ಆಗ ನಲವತ್ತು ಆಳುಗಳು. ವಾರದ ಕೂಲಿಗೆ ಪೇಟೆಯ ಬ್ಯಾಂಕಿನಿಂದ ದುಡ್ಡು ತರಬೇಕು. ನೋಟಿನ ಕಟ್ಟುಗಳು ಗೊಬ್ಬರದ ಖಾಲಿ ಚೀಲದೊಳಗೆ, ಚೀಲ ಜೀಪಿನ ಹಿಂದಿನ ಸೀಟಿನ ಅಡಿಗೆ. ಇಳಿಬಿಟ್ಟ ಅಂಗಿಯ ಒಳಗೆ, ಬಲಸೊಂಟದ ಬೆಲ್ಟಿಗೆ ಸಿಕ್ಕಿಸಿದ ಚರ್ಮದ ಚೀಲದಲ್ಲಿ ಒಂದು .32 ರಿವಾಲ್ವರು. ತೂಕ ಮುಕ್ಕಾಲು ಕಿಲೋ ಆಸುಪಾಸು. ಆರು ತೋಟೆ ಹಿಡಿಯುತ್ತದೆ.

ಮಲೆನಾಡಿನಲ್ಲಿ ಕೋವಿ ಎಂದರೆ ಯಾರೂ ಬೆಚ್ಚುವುದಿಲ್ಲ. ಹಂದಿ, ಮಂಗಗಳ ಕಾಟಕ್ಕೆ ಬೆಳೆರಕ್ಷಣೆಯ ಲೈಸೆನ್ಸು ಪಡೆದ ಒಂಟಿ ನಳಿಗೆಯೋ ಜೋಡಿ ನಳಿಗೆಯೋ ಎಷ್ಟೋ ಮನೆಗಳ ಜಗಲಿ ಗೋಡೆಯಲ್ಲಿ ತೂಗುತ್ತಿದ್ದ ಕಾಲ ಅದು. ಕೊಡಗಿನಲ್ಲಂತೂ ಅದು ಮನೆಯ ಒಬ್ಬ ಸದಸ್ಯನಿದ್ದಂತೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ದಿನ ಅದಕ್ಕೆ ತೋಕ್‌ಪೂ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ 1861ರಷ್ಟು ಹಳೆಯದು. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಕೋವಿಗೂ ಕೈಬಂದೂಕಿಗೂ ಅಜಗಜಾಂತರ. ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟವನು ದೂರದಿಂದಲೇ ಕಾಣುತ್ತಾನೆ. ರಿವಾಲ್ವರು ಇಟ್ಟುಕೊಂಡವನು ಸಂತೆಯಲ್ಲಿ ನಿಮ್ಮ ಪಕ್ಕದಲ್ಲೇ ನಿಂತು ಹಸಿಮೆಣಸಿನಕಾಯಿ ಚೌಕಾಸಿ ಮಾಡುತ್ತಿರಬಹುದು. ಕೋವಿ ಇರುವುದು ಪ್ರಾಣಿಗೆ. ಇದು ಮನುಷ್ಯನಿಗೆ, ಮನುಷ್ಯನಿಗೆ ಮಾತ್ರ. ಆನೆ ಎದುರಿಗೆ ಬಂದರೆ ಮಾವನ ರಿವಾಲ್ವರಿಗಿಂತ ಜೀಪಿನ ರಿವರ್ಸ್ ಗೇರು ಹೆಚ್ಚು ಉಪಯೋಗಿ.

ಇದು ಗೊತ್ತಿರುವುದರಿಂದಲೇ ಸರ್ಕಾರವೂ ಕೈಬಂದೂಕಿನ ಅರ್ಜಿಯನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಜಿಲ್ಲೆಯಲ್ಲಿ ಡಿಸಿ, ಬೆಂಗಳೂರಿನಂಥ ಕಡೆ ಪೊಲೀಸ್ ಕಮಿಷನರ್ ಕೊಡುವ ಈ ಪರವಾನಗಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಆಧಾರ. ಅರ್ಜಿ ಹಾಕಿದವನ ಬಗ್ಗೆ ಠಾಣೆಯಿಂದ ವರದಿ ಬರಬೇಕು. ನಿನಗೆ ಇದು ಯಾಕೆ ಬೇಕು ಎಂಬ ಪ್ರಶ್ನೆಗೆ ನಂಬುವಂಥ ಉತ್ತರ ಬೇಕು. ಲೈಸೆನ್ಸು ಸಿಕ್ಕಿತೆಂದು ಸಿನಿಮಾದಲ್ಲಿ ಕಂಡದ್ದನ್ನೆಲ್ಲ ಕೊಳ್ಳಲಾಗದು. ಪೊಲೀಸರ 9 ಎಂಎಂ ನಿಷೇಧಿತ ಬೋರಿನ ಪಟ್ಟಿಯಲ್ಲಿದೆ. ವಿದೇಶಿ ಬಂದೂಕಿನ ಆಮದು ಸಾಮಾನ್ಯ ನಾಗರಿಕರಿಗೆ 1980ರ ದಶಕದಲ್ಲೇ ನಿಂತುಹೋಯಿತು. ಅದಕ್ಕೂ ಮೊದಲು ಬಂದ ಹಳೇ ವೆಬ್ಲಿ ರಿವಾಲ್ವರುಗಳು ಕೈಯಿಂದ ಕೈಗೆ ಹೋಗುತ್ತ ಲಕ್ಷಗಳ ಲೆಕ್ಕದಲ್ಲಿ ಬಿಕರಿಯಾಗುತ್ತವೆ. ಹಾಗಾಗಿ ಬಹುಕಾಲ ಹೆಚ್ಚಿನವರ ಪಾಲಿಗೆ ಉಳಿದದ್ದು ಸರ್ಕಾರಿ ಕಾರ್ಖಾನೆಯ .32. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯವರು ‘ನಿರ್ಭೀಕ್’ ಎಂಬ ಅರ್ಧ ಕಿಲೋ ತೂಕದ ರಿವಾಲ್ವರನ್ನು ಮಹಿಳೆಯರಿಗೆಂದೇ ಹೊರತಂದರು. ಬೆಲೆ 1.22 ಲಕ್ಷ ರೂಪಾಯಿ, ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆ. ದೆಹಲಿಯ ನಿರ್ಭಯಾಳ ನೆನಪಿನಲ್ಲಿ ಇಟ್ಟ ಹೆಸರು. ರಾತ್ರಿ ಒಂಬತ್ತಕ್ಕೆ ಬಸ್ಸು ಕಾಯುವ ಹುಡುಗಿಯ ಕೈಗೆ ಆ ಬೆಲೆ ಎಲ್ಲಿ ಎಟುಕುತ್ತದೆ?

ಮಾವನಿಗೆ ಲೈಸೆನ್ಸು ಸಿಕ್ಕಿದ್ದು 1989ರಲ್ಲಿ. ಜೊತೆಯಲ್ಲೇ ಅತ್ತೆಯ ಕಾನೂನೂ ಜಾರಿಗೆ ಬಂತು. ಬಟವಾಡೆ ಮುಗಿಸಿ ಒಳಗೆ ಬಂದವರು ಕಾಫಿ ಲೋಟ ಮುಟ್ಟುವ ಮೊದಲು ರಿವಾಲ್ವರನ್ನು ಖಾಲಿ ಮಾಡಿ ಕಬ್ಬಿಣದ ಬೀರುವಿಗೆ ಇಡಬೇಕು. ಬೀರುವಿನ ಕೀಲಿ ಅತ್ತೆಯ ಸೊಂಟದಲ್ಲಿ. ತೋಟೆಗಳು ಅಲ್ಲಿರಬಾರದು, ಅವುಗಳ ಜಾಗ ಅಟ್ಟದ ಟ್ರಂಕಿನೊಳಗಿನ ಹಾರ್ಲಿಕ್ಸ್ ಬಾಟಲಿ. ಮಳೆಗಾಲದಲ್ಲಿ ಶೀತ ಹೊಡೆಯದಿರಲಿ ಎಂದು ಉಪ್ಪಿನ ಡಬ್ಬಿಗೆ ಹಾಕುವಂತೆ ಅದಕ್ಕೂ ಒಂದು ಹಿಡಿ ಹುರಿದಕ್ಕಿ. ಟ್ರಂಕಿನ ಕೀಲಿ ಮಾತ್ರ ಮಾವನದು. ಇಬ್ಬರೂ ಒಪ್ಪದೆ ಆ ಮನೆಯಲ್ಲಿ ಬಂದೂಕಿಗೆ ತೋಟೆ ಸೇರುತ್ತಿರಲಿಲ್ಲ. ಕಳ್ಳ ಬಂದರೆ ಇದೆಲ್ಲ ಹುಡುಕುವಷ್ಟರಲ್ಲಿ ಬೆಳಗಾಗುತ್ತದೆ ಎಂದು ನಾವು ನಗುತ್ತಿದ್ದೆವು. “ಕಳ್ಳ ವರ್ಷಕ್ಕೊಂದ್ ಸಲ ಬಂದಾನು, ಮಕ್ಕಳು ದಿನಾ ಮನೇಲಿರ್ತಾವೆ” ಎನ್ನುತ್ತಿದ್ದರು ಅತ್ತೆ.

ಆಯುಧಪೂಜೆಯ ದಿನ ಕೋವಿ, ಕತ್ತಿ, ಜೀಪು, ಪಲ್ಪರ್ ಯಂತ್ರಕ್ಕೆಲ್ಲ ಕುಂಕುಮ ಬೀಳುತ್ತಿತ್ತು. ರಿವಾಲ್ವರಿಗೆ ಇಲ್ಲ. ಪೂಜೆಗೆ ಇಟ್ಟರೆ ನೆಂಟರು ನೋಡುತ್ತಾರೆ, ನೋಡಿದವರು ಕೊಡಿ ನೋಡೋಣ ಎನ್ನುತ್ತಾರೆ, ಕೊಟ್ಟರೆ ಫೋಟೊ ತೆಗೆಯುತ್ತಾರೆ. ಈ ಮನುಷ್ಯನ ಬಳಿ ಅದಿದೆ ಎಂದು ಪೇಟೆಯಲ್ಲಿ ಮೂರೋ ನಾಲ್ಕೋ ಜನರಿಗಷ್ಟೇ ಗೊತ್ತಿತ್ತು. 2016ರಲ್ಲಿ ಬಂದ ಹೊಸ ಶಸ್ತ್ರಾಸ್ತ್ರ ನಿಯಮಗಳನ್ನು ಓದುವಾಗ ನನಗೆ ಇದೇ ನೆನಪಾಯಿತು. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಒಯ್ಯುವವನು ಅದನ್ನು ಅದಕ್ಕೆಂದೇ ಮಾಡಿದ, ಮೈಗೆ ಕಟ್ಟಿದ ಚೀಲದಲ್ಲೋ ಬ್ಯಾಗಿನಲ್ಲೋ ಇಡಬೇಕು, ಪೂರ್ತಿ ಮುಚ್ಚಿರಬೇಕು, ಸದಾ ತನ್ನ ಹತೋಟಿಯಲ್ಲಿರಬೇಕು, ಎಲ್ಲೂ ಝಳಪಿಸಕೂಡದು ಎನ್ನುತ್ತದೆ 32ನೇ ನಿಯಮ. ಪರವಾನಗಿ ಪುಸ್ತಕದಲ್ಲಿ ಯಾವ ವ್ಯಾಪ್ತಿ ಬರೆದಿದೆಯೋ ಅದರ ಗಡಿ ದಾಟಿದರೆ ಲೈಸೆನ್ಸು ಇದ್ದೂ ಇಲ್ಲದಂತೆ. 2019ರ ತಿದ್ದುಪಡಿ ಒಬ್ಬರಿಗೆ ಮೂರಿದ್ದ ಬಂದೂಕಿನ ಮಿತಿಯನ್ನು ಎರಡಕ್ಕೆ ಇಳಿಸಿತು, ನವೀಕರಣದ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಮದುವೆ ದಿಬ್ಬಣದಲ್ಲಿ ಸಂತೋಷಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಮ್ಮ ಕಡೆ ಆ ಚಟ ಕಡಿಮೆ. ಉತ್ತರದ ಮದುವೆಮನೆಗಳಲ್ಲಿ ಮದುಮಗನ ಗೆಳೆಯರು ಉರುಳಿಸಿದ ಹೆಣಗಳು ಆ ಕಲಮನ್ನು ಬರೆಸಿದವು.

ಮಾವ ಒಂದು ಸಲ ಘಾಟಿಯಲ್ಲಿ ಬೈಸಿಕೊಂಡರು. ನಾನು ಪಕ್ಕದ ಸೀಟಿನಲ್ಲಿದ್ದೆ, ಪಿಯುಸಿ ಓದುತ್ತಿದ್ದ ವಯಸ್ಸು. ತಿರುವಿನಲ್ಲಿ ಓವರ್‌ಟೇಕ್ ಮಾಡಲು ಹೊರಟ ಕಾರೊಂದು ನಮ್ಮ ಜೀಪಿನ ಕನ್ನಡಿ ಮುರಿಯಿತು. ತಪ್ಪು ಅವನದೇ. ಇಳಿದು ಬಂದವನು ಮಾತ್ರ ಮಾವನ ತಾಯಿಯನ್ನು ಸೇರಿಸಿ ಬೈದ, ಕಿಟಕಿಯೊಳಗೆ ಕೈಹಾಕಿ ಕೊರಳಪಟ್ಟಿ ಹಿಡಿದ. ನನ್ನ ರಕ್ತ ಕುದಿಯುತ್ತಿತ್ತು. ಮಾವನ ಬಲಸೊಂಟದಲ್ಲಿ ಏನಿದೆಯೆಂದು ಆ ಜಾಗದಲ್ಲಿ ತಿಳಿದಿದ್ದವನು ನಾನೊಬ್ಬನೇ. ಮಾವ ಎರಡೂ ಕೈಯನ್ನು ಸ್ಟಿಯರಿಂಗಿನ ಮೇಲಿಟ್ಟು, “ತಪ್ಪಾಯ್ತು ಸ್ವಾಮಿ, ಬಿಡಿ” ಎಂದರು. ಕನ್ನಡಿಗೆ ದುಡ್ಡೂ ಕೇಳಲಿಲ್ಲ. ಅವನು ಗೆದ್ದವನಂತೆ ಹೋದ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವವರೆಗೂ ನಾನು ಮುಖ ಊದಿಸಿಕೊಂಡಿದ್ದೆ. ಕೊನೆಗೆ ಅವರೇ ಬಾಯಿಬಿಟ್ಟರು: “ಅಲ್ಲ ಮಾರಾಯ, ಅದು ಬೀರುವಲ್ಲಿದ್ದಿದ್ರೆ ನಾನೂ ಇಳ್ದು ಎರಡು ಬಿಡ್ತಿದ್ದೆ. ಇವತ್ತು ಕೈ ಕೈ ಮಿಲಾಯಿಸಿ, ಅವನ ಕೈ ಇಲ್ಲಿಗೆ ತಾಗಿ, ಇದೇನು ಅಂತ ಗೊತ್ತಾಗಿದ್ರೆ ಆಮೇಲೆ ಎಂತ ಮಾಡೋದು?”

ಕಾನೂನು ಪುಸ್ತಕ ತೆರೆದರೂ ಸಿಗುವುದು ಹೆಚ್ಚುಕಡಿಮೆ ಇದೇ. ಖಾಸಗಿ ರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ಪ್ರಾಣಕ್ಕೆ ಅಪಾಯ, ಅತ್ಯಾಚಾರ, ಅಪಹರಣದಂಥ ಸಂದರ್ಭದಲ್ಲಿ ಅದು ಎದುರಾಳಿಯ ಪ್ರಾಣ ತೆಗೆಯುವವರೆಗೂ ಹೋಗಬಹುದು, ದರೋಡೆಯಲ್ಲೂ ಹೋಗಬಹುದು. ಆದರೆ ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಪೆಟ್ಟು ಕೂಡದು, ಪೊಲೀಸರ ಮೊರೆಹೋಗಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಮೈಮೇಲೆ ಬಂದ ಅಪಾಯದ ಭಯ ಇರುವಷ್ಟು ಹೊತ್ತು ಮಾತ್ರ ಅದರ ಆಯುಷ್ಯ. ಬೈಗುಳಕ್ಕೆ, ಮುರಿದ ಕನ್ನಡಿಗೆ, ಮಾನಕ್ಕೆ ಅಲ್ಲಿ ಜಾಗವಿಲ್ಲ. ಎಷ್ಟು ಪೆಟ್ಟು ಹೆಚ್ಚಾಯಿತು ಎಂಬುದನ್ನು ನ್ಯಾಯಾಲಯ ವರ್ಷಗಟ್ಟಲೆ ಕೂತು ತೂಗುತ್ತದೆ. ಘಾಟಿಯ ತಿರುವಿನಲ್ಲಿ ಸಿಗುವುದು ಒಂದು ಉಸಿರಿನಷ್ಟು ಹೊತ್ತು.

ಲೈಸೆನ್ಸು ಇದ್ದ ಮಾತ್ರಕ್ಕೆ ಎಚ್ಚರ ಬರುವುದಿಲ್ಲ. 1999ರ ಏಪ್ರಿಲ್‌ನಲ್ಲಿ ದೆಹಲಿಯ ಪಾರ್ಟಿಯೊಂದರಲ್ಲಿ ಮದ್ಯ ಬಡಿಸಲು ಒಪ್ಪದ ಜೆಸ್ಸಿಕಾ ಲಾಲ್‌ಗೆ ಗುಂಡಿಟ್ಟ ಮನು ಶರ್ಮನ ಬಳಿ ಇದ್ದದ್ದು ಪರವಾನಗಿ ಪಡೆದ .22 ಪಿಸ್ತೂಲು. ಕುಡಿದ ತಲೆಗೆ ಮಾತ್ರ ಯಾರೂ ಲೈಸೆನ್ಸು ಕೊಟ್ಟಿರಲಿಲ್ಲ. 2024ರ ಅಕ್ಟೋಬರ್ 1ರ ಬೆಳಗಿನ ಜಾವ ನಟ ಗೋವಿಂದ ಕೋಲ್ಕತ್ತಾಗೆ ಹೊರಡುವ ಮುನ್ನ ತಮ್ಮ ರಿವಾಲ್ವರನ್ನು ಬೀರುವಿಗೆ ಇಡಲು ಹೋದರು, ಅದು ಕೈಜಾರಿ ಕಾಲಿಗೇ ಗುಂಡು ತಗುಲಿತು. ಇಡುವ ಗಳಿಗೆ, ತೆಗೆಯುವ ಗಳಿಗೆ, ಒರೆಸುವ ಗಳಿಗೆ, ಇವೇ ಹೆಚ್ಚು ಅಪಾಯದವು. ಹಳೆಯ ಮಾದರಿಯ ರಿವಾಲ್ವರುಗಳಲ್ಲಿ ಕುದುರೆ, ಅಂದರೆ ಹ್ಯಾಮರ್, ನೇರವಾಗಿ ತೋಟೆಯ ಬೆನ್ನಿಗೇ ಒರಗಿರುತ್ತದೆ. ನೆಲಕ್ಕೆ ಬಿದ್ದ ಪೆಟ್ಟಿಗೆ ಸಿಡಿಯಬಹುದು. ಅದಕ್ಕೇ ತಿಳಿದವರು ಆರು ಮನೆಯ ರಿವಾಲ್ವರಿಗೆ ಐದೇ ತೋಟೆ ತುಂಬಿ ಕುದುರೆಯ ಕೆಳಗಿನ ಮನೆಯನ್ನು ಖಾಲಿ ಬಿಡುತ್ತಿದ್ದರು. ಮಾವನದೂ ಅದೇ ಲೆಕ್ಕ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗುವುದು ಅಪ್ರಾಮಾಣಿಕತೆ. 2015ರಲ್ಲಿ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದದ್ದು 7.65 ಎಂಎಂ ನಾಡಪಿಸ್ತೂಲು. ಅಂಥದ್ದಕ್ಕೆ ಡಿಸಿ ಸಹಿಯಿಲ್ಲ, ಪುಸ್ತಕವಿಲ್ಲ, ಅತ್ತೆಯ ಕೀಲಿಯೂ ಇಲ್ಲ. ಚುನಾವಣೆ ಬಂತೆಂದರೆ ಬಂದೂಕನ್ನು ಠಾಣೆಗೆ ತಂದೊಪ್ಪಿಸಿ ರಸೀತಿ ಪಡೆಯಬೇಕಾದವರು ಮಾತ್ರ ಮಾವನಂಥವರು. ಕಳ್ಳಪಿಸ್ತೂಲಿನವನಿಗೆ ನೋಟಿಸು ಯಾವ ವಿಳಾಸಕ್ಕೆ ಹೋದೀತು? ಮಾವ ಗೊಣಗುತ್ತಿದ್ದರು, ಆದರೆ ಒಂದು ಚುನಾವಣೆಗೂ ತಪ್ಪಿಸಿದವರಲ್ಲ.

ಅವರ ಮಗ ಡಲ್ಲಾಸಿನಲ್ಲಿದ್ದಾನೆ. ಟೆಕ್ಸಸ್ ರಾಜ್ಯದಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ತುಂಬಿದ, ಕಾನೂನಿನ ಅಡ್ಡಿಯಿಲ್ಲದ ಯಾರೇ ಆದರೂ ಪರವಾನಗಿಯಿಲ್ಲದೆಯೇ ಪಿಸ್ತೂಲು ಕಟ್ಟಿಕೊಂಡು ತಿರುಗಬಹುದು. ಬೇಡವೆನ್ನುವ ಅಂಗಡಿಯವರು ಬಾಗಿಲಿಗೆ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಬೋರ್ಡು ಹಾಕಿರುತ್ತಾರೆ. ಮೊಮ್ಮಗಳ ನಾಮಕರಣಕ್ಕೆ ಅಲ್ಲಿಗೆ ಹೋಗಿದ್ದ ಮಾವ ದಿನಸಿ ಅಂಗಡಿಯ ಸಾಲಿನಲ್ಲಿ ಮುಂದಿದ್ದವನ ಸೊಂಟದಲ್ಲಿ ಅದನ್ನು ನೋಡಿದರಂತೆ. ಮುಚ್ಚುಮರೆಯಿಲ್ಲದೆ ನೇತಾಡುತ್ತಿತ್ತು, ಅವನು ಕೈಯಲ್ಲಿ ಹಾಲಿನ ಡಬ್ಬ ಹಿಡಿದು ಫೋನು ನೋಡುತ್ತಿದ್ದ. “ಹಿಂದೆ ನಿಂತವ ಕೈ ಹಾಕಿ ಎಳ್ಕೊಂಡ್ರೆ ಮುಗೀತು” ಎಂದು ಊರಿಗೆ ಬಂದ ಮೇಲೂ ವಾರಗಟ್ಟಲೆ ಅದೇ ಮಾತು. ಅವರಿಗೆ ಅಲ್ಲಿನ ಕಾನೂನಿಗಿಂತ ಆ ಅಜಾಗರೂಕತೆ ಹೆಚ್ಚು ಕಾಡಿತ್ತು.

ನಮ್ಮಲ್ಲಿನ ಅಜಾಗರೂಕತೆ ಬೇರೆ ಬಗೆಯದು. ಒಯ್ಯಲು ಬಿಡುತ್ತೇವೆ, ಹೊಡೆಯಲು ಕಲಿಸುವುದಿಲ್ಲ. ಈಗಿನ ನಿಯಮವೇನೋ ಅರ್ಜಿದಾರನಿಂದ ತರಬೇತಿಯ ಪ್ರಮಾಣಪತ್ರ ಕೇಳುತ್ತದೆ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಒಳ್ಳೆಯ ಶಿಬಿರಗಳೇ, ಆದರೆ ಅಲ್ಲಿ ಹೆಚ್ಚಾಗಿ ಕೈಗೆ ಬರುವುದು ರೈಫಲ್ಲು. ಲೈಸೆನ್ಸು ಪಡೆದ ಮೇಲೆ ವರ್ಷಕ್ಕೆ ನಾಲ್ಕು ಸಲವಾದರೂ ಕೈಬಂದೂಕಿನಲ್ಲಿ ಗುರಿ ನೋಡೋಣವೆಂದರೆ ತಾಲ್ಲೂಕು ಕೇಂದ್ರದಲ್ಲಿ ಜಾಗವೆಲ್ಲಿ? ಸೊಂಟದಲ್ಲಿ ಮೂವತ್ತು ವರ್ಷ ಹೊತ್ತವನು ಮೂವತ್ತು ಗುಂಡೂ ಹಾರಿಸಿರುವುದಿಲ್ಲ. ಹಾರಿಸಲೇಬೇಕಾದ ದಿನ ಅವನ ಕೈ ಎಷ್ಟು ನಡುಗೀತು, ಗುಂಡು ಯಾರಿಗೆ ತಾಗೀತು?

ಬಟವಾಡೆಯ ಚೀಲ ತಾನಾಗಿಯೇ ಇಲ್ಲವಾಯಿತು. ಆಳುಗಳಿಗೆ ಖಾತೆ ಬಂತು, ಫೋನ್‌ಪೇ ಬಂತು. ಶನಿವಾರ ಮಾವ ವರಾಂಡದಲ್ಲಿ ಕೂತು ಕನ್ನಡಕ ಏರಿಸಿ ಮೊಬೈಲು ಒತ್ತಿದರೆ ಮುಗಿಯಿತು. ಎಪ್ಪತ್ತು ತುಂಬಿದವರು, ಇಲ್ಲವೇ 25 ವರ್ಷ ಬಂದೂಕು ಇಟ್ಟುಕೊಂಡವರು ಅದನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು ಅರ್ಜಿ ಹಾಕಬಹುದೆಂದು ನಿಯಮವಿದೆ. ಮಾವ ಎರಡೂ ದಾಟಿದ್ದರು. ಮಗನಿಗೆ ಇಲ್ಲಿ ಬೇಡ. ಬೆಂಗಳೂರಿನ ಮಗಳು, “ಅಪ್ಪ, ಎರಡು ಮಕ್ಕಳಿರೋ ಫ್ಲಾಟು, ಅಮ್ಮನ ಹಾಗೆ ಕೀಲಿ ಕಾಯೋಕೆ ನನ್ನ ಕೈಲಾಗಲ್ಲ” ಎಂದಳು.

2024ರ ಮಳೆಗಾಲಕ್ಕೆ ಮುಂಚೆ ನಾನೇ ಅವರನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆ. ಡಿಸಿ ಆಫೀಸಿನಲ್ಲಿ ಅರ್ಜಿ ಕೊಟ್ಟು, ಪರವಾನಗಿ ಇರುವ ಬಂದೂಕಿನ ಅಂಗಡಿಯಲ್ಲಿ ಅದನ್ನು ಒಪ್ಪಿಸುವುದು. ಅಂಗಡಿಯವರು ನಳಿಗೆ ಬಗ್ಗಿಸಿ ಬೆಳಕಿಗೆ ಹಿಡಿದು ನೋಡಿದರು. ಹೊಸದರಂತಿದೆ ಎಂದರು. ಆಮೇಲೆ ಹಾರ್ಲಿಕ್ಸ್ ಬಾಟಲಿಯನ್ನು ಪೇಪರಿನ ಮೇಲೆ ಬೋರಲು ಹಾಕಿ, ಹುರಿದಕ್ಕಿ ಬದಿಗೆ ಸರಿಸಿ ತೋಟೆ ಎಣಿಸಿದರು. ಪುಸ್ತಕದಲ್ಲಿ 1989ರಲ್ಲಿ ಕೊಂಡದ್ದು 25 ಎಂದಿತ್ತು. ಎದುರಿಗಿದ್ದದ್ದು 23.

“ಇನ್ನೆರಡು ಎಲ್ಲಿ ಸಾರ್?”

“ತಂದ ವಾರವೇ ಹೊಡ್ದು ನೋಡಿದ್ದೆ” ಎಂದರು ಮಾವ. “ಹಿತ್ತಿಲ ಬಾಳೆದಿಂಡಿಗೆ, ಹತ್ತು ಮಾರು ದೂರದಿಂದ.”

“ತಾಗ್ತಾ?”

ಮಾವ ನನ್ನ ಕಡೆ ತಿರುಗಿ ನೋಡಿ, ದನಿ ತಗ್ಗಿಸಿ ಹೇಳಿದರು: “ಎರಡೂ ಇಲ್ಲ.”